ಎಡಗೈ ಎತ್ತಿದವರು ನಿಲ್ಲಬೇಕು

ಮಂಗಳಾ ಟೀಚರಿಗೆ ಸಿಟ್ಟು ಮೂಗಿನ ತುದಿಯಲ್ಲೇ ಅಂತ ಶಾಲೆಯಲ್ಲಿ ಎಲ್ಲರೂ ಹೇಳುತ್ತಿದ್ದರು. ಸುಳ್ಳೇನಲ್ಲ. ಆದರೆ ಆ ಬುಧವಾರ ಮಧ್ಯಾಹ್ನ ಹೆಡ್ಮಾಸ್ಟರ್ ಕದಿರಪ್ಪನವರ ಟೇಬಲ್ಲಿನ ಮೇಲೆ ಟಿಸಿ ಪುಸ್ತಕ ತೆರೆದಿದ್ದನ್ನೂ, ಅದರಲ್ಲಿ ಏಳನೇ ಕ್ಲಾಸಿನ ಮೈಲಾರಮ್ಮನ ಹೆಸರು ಅರ್ಧ ಬರೆದಿದ್ದನ್ನೂ ಕಂಡಾಗ ಬಂದದ್ದು ಮೂಗಿನ ತುದಿಯ ಸಿಟ್ಟಲ್ಲ. ಅದು ಹೊಟ್ಟೆಯೊಳಗಿಂದ ಬಂದದ್ದು.

"ಏನ್ ಸಾರ್ ಇದು?"

"ಟಿಸಿರಿ ಮೇಡಂ."

"ಅಷ್ಟು ಓದೋಕೆ ನಂಗೂ ಬರುತ್ತೆ. ಯಾಕೆ ಅಂತ ಕೇಳ್ದೆ."

ಕದಿರಪ್ಪನವರು ಪೆನ್ನಿನ ಮುಚ್ಚಳ ಹಾಕಿ, ತೆಗೆದು, ಮತ್ತೆ ಹಾಕಿದರು. "ನಾಕು ತಿಂಗ್ಳು ಕುರಿ ಹಿಂದ ಹೋಗಿದ್ಳಲ್ರಿ. ಆಕಿ ಒಬ್ಬಾಕಿಯಿಂದ ಇಡೀ ಸಾಲಿ ಹಾಜರಾತಿ ಕೆಳಗ ಇಳದೈತಿ. ನಾಳೆ ಆಫೀಸರ್ ಬರ್ತಾರ, ಫೋನಿನಾಗ ಒತ್ತಿ ನೋಡ್ತಾರ. ಯಾಕ ಕಡಿಮಿ ಐತಿ ಅಂದ್ರ ನಾ ಏನ್ ಹೇಳ್ಲಿ?"

"ಕುರಿ ಹಿಂದೆ ಹೋದ ಮಗು ವಾಪಸ್ ಬಂದೈತೆ ಅಂತ ಹೇಳಿ. ನಮ್ಮ ರೊಳ್ಳದ ಕಡೆ ಮಕ್ಕಳು ಅಪ್ಪ ಅಮ್ಮನ ಜೊತೆ ಕೂಲಿಗೆ ಹೋದ್ರೆ ವಾಪಸ್ ಬರೋದೇ ಇಲ್ಲ. ಈ ಹುಡುಗಿ ತಾನಾಗೇ ಬಂದು ಬೆಂಚಿನ ಮೇಲೆ ಕೂತೈತೆ. ಹಾರ ಹಾಕ್ಬೇಕು ಅದಕ್ಕೆ. ನೀವು ಟಿಸಿ ಕೊಡ್ತೀರಾ?"

ಮಂಗಳಾ ಮಡಕಶಿರದ ಕಡೆಯ ರೊಳ್ಳದವಳು. ಮದುವೆಯಾಗಿ ರಾಯದುರ್ಗಕ್ಕೆ ಬಂದು, ಅಲ್ಲಿಂದ ದಿನಾ ಬಸ್ಸಿನಲ್ಲಿ ನೇಮಕಲ್ಲಿನ ದಾರಿಯ, ತೆಲುಗು ರಾಜ್ಯದೊಳಗಿನ ಈ ಕನ್ನಡ ಶಾಲೆಗೆ ಬಂದು ಇಂಗ್ಲಿಷ್ ಪಾಠ ಮಾಡುತ್ತಿದ್ದಳು. ಅವಳು "ಕೂತ್ಕೋ" ಅಂದರೆ ಮಕ್ಕಳು ಮುಸಿಮುಸಿ ನಗುತ್ತಿದ್ದರು. ಅವರಿಗೆ ಅದು "ಕುಂದ್ರು". ಒಂಬತ್ತು ವರ್ಷವಾದರೂ ಆ ನಗು ನಿಂತಿರಲಿಲ್ಲ, ಅವಳೂ ತನ್ನ ಮಾತು ಬಿಟ್ಟಿರಲಿಲ್ಲ.

"ನೀವು ಸಿಟ್ಟಾಗಬ್ಯಾಡ್ರಿ," ಅಂದರು ಕದಿರಪ್ಪನವರು. "ಆಕಿಗೆ ಓದು ಹತ್ತಂಗಿಲ್ಲ. ನಿಮ್ಮ ನೋಟ್‌ಬುಕ್ಕಿನಾಗ ನೀವ ಬರದೀರಿ ನೋಡ್ರಿ. ಒಂದು ದಿನನಾದ್ರೂ ಬಲಗೈ ಎತ್ಯಾಳೇನು?"

ಈ ಬಲಗೈಯ ಕಥೆ ಹೇಳಲೇಬೇಕು, ಹೇಳಲು ನಾಚಿಕೆಯಾದರೂ. ಆಫೀಸರು ಕ್ಲಾಸಿಗೆ ಬಂದು ಕೂತಾಗ ಟೀಚರು ಪ್ರಶ್ನೆ ಕೇಳಿದರೆ ಎಲ್ಲ ಮಕ್ಕಳ ಕೈಯೂ ಮೇಲೇಳಬೇಕು. ಇಲ್ಲದಿದ್ದರೆ ಪಾಠ ಸರಿಯಿಲ್ಲ ಅಂತ ಬರೆದುಕೊಂಡು ಹೋಗುತ್ತಾರೆ. ಎಲ್ಲರಿಗೂ ಉತ್ತರ ಗೊತ್ತಿರುವುದಿಲ್ಲ. ಅದಕ್ಕೆ ಯಾವನೋ ಪುಣ್ಯಾತ್ಮ ಯಾವುದೋ ಕಾಲದಲ್ಲಿ ಒಂದು ಉಪಾಯ ಕಂಡುಹಿಡಿದಿದ್ದ. ಗೊತ್ತಿದ್ದವರು ಬಲಗೈ ಎತ್ತಬೇಕು, ಗೊತ್ತಿಲ್ಲದವರು ಎಡಗೈ. ಆಫೀಸರಿಗೆ ಕಾಣುವುದು ಕೈಗಳ ಕಾಡು. ಟೀಚರು ಮಾತ್ರ ಬಲಗೈಯವರನ್ನು ಆರಿಸಿ ಕೇಳಿದರಾಯಿತು. ಜುಲೈ ತಿಂಗಳಲ್ಲಿ ಕದಿರಪ್ಪನವರು ಎಲ್ಲ ಕ್ಲಾಸಿಗೂ ಹೋಗಿ ಇದನ್ನು ಹೇಳಿಕೊಟ್ಟು ಬಂದಿದ್ದರು.

ಮಂಗಳಾ ಆಗಲೂ ಜಗಳವಾಡಿದ್ದಳು. ಮಕ್ಕಳಿಗೆ ಕಳ್ಳತನ ಕಲಿಸುತ್ತೀರಾ ಅಂದಿದ್ದಳು. ಆದರೆ ಊರಿಗೆ ಬಂದವಳು ನೀರಿಗೆ ಬರದೆ ಇರುತ್ತಾಳೆಯೇ. ನವೆಂಬರ್ ಬಂತು, ಆಫೀಸರು ಏಳನೇ ಕ್ಲಾಸಿನ ಇಂಗ್ಲಿಷ್ ಪಾಠವನ್ನೇ ನೋಡುತ್ತಾರೆ ಅಂತ ಸುದ್ದಿ ಬಂತು. ಅವಳೂ ಅಭ್ಯಾಸ ಶುರು ಮಾಡಿಸಿದಳು. ಮಾಡಿಸಿದ್ದಷ್ಟೇ ಅಲ್ಲ, ತನ್ನದೂ ಒಂದು ಸೇರಿಸಿದಳು. ಎಡಗೈ ಎತ್ತಿದವರು ಪಾಠ ಮುಗಿಯುವ ತನಕ ಹಿಂದಿನ ಗೋಡೆಗೆ ನಿಲ್ಲಬೇಕು. ಯಾಕೆ ಅಂತ ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಹೆಸರು ಕೂಗಿ ಗೋಡೆ ತೋರಿಸುತ್ತಿದ್ದಳು. ನಿಂತವರು ಬಾಯಿ ಬಿಡದೆ ಕೇಳಿಸಿಕೊಳ್ಳಬೇಕು, ಕೂತವರು ಉತ್ತರ ಹೇಳಬೇಕು. ನಿಂತ ಅವಮಾನಕ್ಕಾದರೂ ಮಾರನೇ ದಿನ ಕಲಿತು ಬರುತ್ತಾರೆ ಅಂತ ಅವಳ ಲೆಕ್ಕ. ಕಲಿತೂ ಬಂದರು. ಮೊದಲ ದಿನ ಹದಿನಾಲ್ಕು ಮಕ್ಕಳು ನಿಂತಿದ್ದರು, ವಾರದಲ್ಲಿ ಐದಾದರು, ಆಮೇಲೆ ಇಬ್ಬರು. ಕೊನೆಗೆ ಒಬ್ಬಳೇ ಉಳಿದಳು. ಮೈಲಾರಮ್ಮ.

ದಿನಾ ಎಡಗೈ ಎತ್ತುತ್ತಿದ್ದಳು, ದಿನಾ ನಿಲ್ಲುತ್ತಿದ್ದಳು. ಅಳುತ್ತಿರಲಿಲ್ಲ, ಗೊಣಗುತ್ತಿರಲಿಲ್ಲ. ಒಂದು ಪಾದವನ್ನು ಇನ್ನೊಂದು ಮೊಣಕಾಲಿಗೆ ಆನಿಸಿ, ಕುರಿ ಕಾಯುವವರು ನಿಲ್ಲುವ ಹಾಗೆ ಒಂಟಿಕಾಲಲ್ಲಿ ನಿಂತು ಬೋರ್ಡನ್ನೇ ನೋಡುತ್ತಿದ್ದಳು. ಆ ನಿಲುವು ಕಂಡರೆ ಮಂಗಳಾಳಿಗೆ ಮೈಯೆಲ್ಲ ಉರಿಯುತ್ತಿತ್ತು. ಎಷ್ಟು ಸೊಕ್ಕು ಅನ್ನಿಸುತ್ತಿತ್ತು.

"ನಾಳೆ ಆಫೀಸರ ಮುಂದೆ ಅವಳು ಒಂದೇ ಒಂದು ಉತ್ತರ ಹೇಳಿದ್ರೆ?" ಅಂದಳು ಈಗ.

ಕದಿರಪ್ಪನವರು ನಕ್ಕರು. "ಹೇಳ್ಲಿ. ಹೇಳಿದ್ರ ಈ ಹಾಳಿ ಹರದ ಹಾಕ್ತೀನಿ. ಹೇಳ್ಲಿಲ್ಲಂದ್ರ ನಾಳೆನ ಸಹಿ ಮಾಡಿ ಕೊಡ್ತೀನಿ. ಆಮ್ಯಾಲ ನೀವು ಮಾತಾಡಂಗಿಲ್ಲ."

ಸಹಿ ಬಿದ್ದರೆ ಏನಾಗುತ್ತದೆ ಅಂತ ಮಂಗಳಾಳಿಗೆ ಗೊತ್ತಿತ್ತು. ಮೈಲಾರಮ್ಮನ ಅಪ್ಪ ಹುಲುಗಪ್ಪ ಹಿಂದಿನ ದಿನವಷ್ಟೇ ಹೆಗಲ ಮೇಲೆ ಕಂಬಳಿ ಹಾಕಿಕೊಂಡು ಗೇಟಿನ ಹತ್ತಿರ ಬಂದಿದ್ದ. "ಹೆಸರಿದ್ರ ಅಜ್ಜಿ ಜೋಡಿ ಇದ್ದು ಓದ್ಲಿ ಟೀಚರಮ್ಮ, ನಾ ಬ್ಯಾಡ ಅನ್ನಂಗಿಲ್ಲ. ಹೆಸರು ತಗದ್ರ ಸೋಮವಾರ ಕುರಿ ಕಾಲುವಿ ಕಡಿ ಹೊಂಡತಾವು, ನಮ್ ಜೋಡಿ ಬರ್ತಾಳ. ಮುಂದಿನ ವರ್ಷ ದೊಡ್ಡಾಕಿ ಆಗ್ತಾಳ. ಆಮ್ಯಾಲ ಸಾಲಿ ಎಲ್ಲೀದು?" ಅಂದು ಹೋಗಿದ್ದ. ಒರಟು ಮಾತಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದ. ಹೆಸರು ತೆಗೆಯುವುದು ಹೆಡ್ಮಾಸ್ಟರ ಬರೀ ಬಾಯಿಮಾತು ಅಂತ ಮಂಗಳಾ ಆಗ ಅಂದುಕೊಂಡಿದ್ದಳು.

ಮಂಗಳಾ ನೇರ ಕ್ಲಾಸಿಗೆ ಹೋದಳು. ಪಾಠ ಇನ್ಫಿನಿಟಿವ್. ಅದನ್ನು ಅವಳು ಚೆನ್ನಾಗಿ ಮಾಡುತ್ತಿದ್ದಳು, ಅದರಲ್ಲಿ ಎರಡು ಮಾತಿಲ್ಲ. ಗೈಡಿನಲ್ಲಿದ್ದ ವ್ಯಾಖ್ಯಾನವನ್ನು ಬದಿಗಿಟ್ಟು ಮಕ್ಕಳ ಬಾಯಿಂದಲೇ ಹೊರಡಿಸುತ್ತಿದ್ದಳು. ಬೋರಿಂಗಿಗೆ ಯಾಕೆ ಹೋಗ್ತೀರಿ? "ನೀರು ತರಾಕ್ರಿ." ಹಂಗಾದ್ರೆ ಟು ಬ್ರಿಂಗ್ ವಾಟರ್. ಸಂತೆಗೆ ಯಾಕೆ ಹೋಗ್ತೀರಿ? "ಕುರಿ ಮಾರಾಕ್ರಿ." ಟು ಸೆಲ್ ಶೀಪ್. ನೋಡಿ ಮಕ್ಕಳೇ, ತರಾಕ, ಮಾರಾಕ, ಓದಾಕ ಅಂದಾಗ ಯಾರು ಅಂತಿಲ್ಲ, ಯಾವಾಗ ಅಂತಿಲ್ಲ, ಮಾಡಬೇಕು ಅನ್ನೋದಷ್ಟೇ ಐತೆ. ಇಂಗ್ಲಿಷಿನವರು ಅದಕ್ಕೆ ಮುಂದೆ ಟು ಇಟ್ಟರು. ಅದರ ಜೊತೆ ಇರೋ ಮಾತನ್ನೆಲ್ಲ ಕೂಡಿಸಿ ಹಿಡಿದರೆ ಇನ್ಫಿನಿಟಿವ್ ಫ್ರೇಸ್. ಇಷ್ಟೇ. ಇಷ್ಟಕ್ಕೆ ಹೆದರ್ತೀರಾ?

ಅವತ್ತು ಮಾತ್ರ ಪಾಠ ಮಾಡುವ ತಾಳ್ಮೆ ಅವಳಿಗಿರಲಿಲ್ಲ. ಒಂದೇ ಪ್ರಶ್ನೆ ಕೇಳಿದಳು. "ವೈ ಡು ಯು ಕಮ್ ಟು ಸ್ಕೂಲ್?"

ಮೂವತ್ತೊಂದು ಕೈ ಮೇಲೆದ್ದವು. ಮೂವತ್ತು ಬಲಗೈ. ಕೊನೆಯ ಬೆಂಚಿನಲ್ಲಿ, ಎಲ್ಲಕ್ಕಿಂತ ಎತ್ತರದಲ್ಲಿ, ಒಂದು ಎಡಗೈ.

"ನಿನಗೋಸ್ಕರ ಅಲ್ಲಿ ಜಗಳ ಆಡಿ ಬಂದಿದ್ದೀನಿ ಕಣೇ!" ಮಂಗಳಾ ಡಸ್ಟರನ್ನು ಟೇಬಲ್ಲಿಗೆ ಕುಕ್ಕಿದಳು. "ಇವತ್ತೂ ಅಷ್ಟೇನಾ ನಿನ್ನ ಹಣೇಬರ? ನಾಚಿಕೆ ಆಗಲ್ವೇನೆ ನಿಂಗೆ? ನಿಂತ್ಕೋ ಹೋಗು!"

ಮೈಲಾರಮ್ಮ ಕೈ ಇಳಿಸಿ ಎದ್ದು ಗೋಡೆಯ ಹತ್ತಿರ ಹೋಗಿ ನಿಂತಳು. ಮಂಗಳಾ ನೋಟ್‌ಬುಕ್ಕಿನಲ್ಲಿ ಅವಳ ಹೆಸರಿನ ಮುಂದೆ ಇಪ್ಪತ್ತಮೂರನೆಯ ಗೀಟು ಎಳೆದಳು.

ಗುರುವಾರ ಆಫೀಸರು ಬಂದರು. ಒಳ್ಳೆಯ ಇಸ್ತ್ರಿಯ ಅಂಗಿ, ಕೈಯಲ್ಲಿ ಟ್ಯಾಬು. ಕನ್ನಡ ಬಾರದ ತೆಲುಗಿನವರು. ಕನ್ನಡ ಶಾಲೆಯ ಪಾಠ ನೋಡಲು ಕನ್ನಡ ಬಾರದವರನ್ನು ಕಳಿಸುವುದು ನಮ್ಮಲ್ಲಿ ಹೊಸದೇನಲ್ಲ, ಅದಕ್ಕೆ ಬೇರೆ ಸಿಟ್ಟು ಖರ್ಚು ಮಾಡುವುದೂ ದಂಡ. ಹಿಂದಿನ ಕುರ್ಚಿಯಲ್ಲಿ ಕೂತರು. ಪಕ್ಕದಲ್ಲಿ ಕದಿರಪ್ಪನವರು. ಅವತ್ತು ಗೋಡೆಗೆ ಯಾರನ್ನೂ ನಿಲ್ಲಿಸುವಂತಿರಲಿಲ್ಲ. ಮೈಲಾರಮ್ಮ ಬೆಂಚಿನ ಮೇಲೆ ಕೂತಿದ್ದಳು. ಬೆಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತಿದ್ದಳು.

ಪಾಠ ಎಣ್ಣೆ ಹಾಕಿದ ಗಾಲಿಯಂತೆ ಉರುಳಿತು. "ವೈ ಡು ಯು ಕಮ್ ಟು ಸ್ಕೂಲ್?" ಅಂದದ್ದೇ ತಡ, ಕೈಗಳು ಎದ್ದವು. ಶೃತಿ "ಐ ಕಮ್ ಟು ಸ್ಕೂಲ್ ಟು ಲರ್ನ್" ಅಂದಳು. ಮಾರೇಶ್ "ಟು ಬಿಕಮ್ ಎ ಡಾಕ್ಟರ್" ಅಂದ. ಅಂಜಿ "ಟು ಸರ್ವ್ ದಿ ನೇಷನ್" ಅಂದ. ಮೂರೂ ಗೈಡಿನಲ್ಲಿದ್ದವು. ನೇಷನ್ ಅಂದರೇನು ಅಂತ ಅಂಜಿಯನ್ನು ಯಾರೂ ಕೇಳಲಿಲ್ಲ.

ಮಂಗಳಾ ಪ್ರತಿ ಸಲವೂ ಕೊನೆಯ ಬೆಂಚಿನ ಕಡೆ ನೋಡಿದಳು. ಒಂದು ಸಲ, ಒಂದೇ ಒಂದು ಸಲ ಬಲಗೈ ಎತ್ತೇ, ಅಂತ ಒಳಗೊಳಗೇ ಬೇಡಿಕೊಂಡಳು. ಮೈಲಾರಮ್ಮನ ಎಡಗೈ ನೆಟ್ಟಗೆ ನಿಂತಿತ್ತು. ಹುಡುಗಿ ಬೆಂಚಿನಿಂದ ಅರ್ಧ ಎದ್ದು ಕೈ ಚಾಚಿದ್ದಳು. ಗೊತ್ತಿಲ್ಲ ಅನ್ನುವುದನ್ನು ಇಷ್ಟು ಉತ್ಸಾಹದಿಂದ ಹೇಳಬೇಕೇನೇ ಅಂತ ಮಂಗಳಾ ಹಲ್ಲು ಕಚ್ಚಿಕೊಂಡಳು. ಕಣ್ಣು ಬೇರೆ ಕಡೆ ತಿರುಗಿಸಿದಳು.

ಗಂಟೆ ಹೊಡೆಯಿತು. ಆಫೀಸರು "ಗುಡ್, ವೆರಿ ಗುಡ್" ಅಂದು ಟ್ಯಾಬಿನ ಮೇಲೆ ಬೆರಳಾಡಿಸಿ ಎದ್ದರು. ಕದಿರಪ್ಪನವರು ಬಾಗಿಲಲ್ಲಿ ಮಂಗಳಾಳ ಕಡೆ ತಿರುಗಿ, ಗಾಳಿಯಲ್ಲೇ ಸಹಿ ಹಾಕುವಂತೆ ಬೆರಳು ಆಡಿಸಿ ಹೋದರು. ಆಫೀಸಿನ ಕೋಣೆಯಿಂದ ಮಿರ್ಚಿ, ಒಗ್ಗರಣೆ ಮಂಡಕ್ಕಿಯ ವಾಸನೆ ಬರುತ್ತಿತ್ತು.

ಮಂಗಳಾ ಪುಸ್ತಕ ಜೋಡಿಸಿಕೊಳ್ಳುತ್ತಿದ್ದಳು. ತಲೆ ಎತ್ತಿದರೆ ಎದುರಿಗೆ ಮೈಲಾರಮ್ಮ.

"ಟೀಚರ್, ನನ್ನೊಬ್ಬಾಕಿನ್ನ ಯಾಕ ಕೇಳಂಗಿಲ್ರಿ ನೀವು?"

ಕೇಳಿದ ದನಿಯಲ್ಲಿ ದೂರಿರಲಿಲ್ಲ. ಅದೇ ಮಂಗಳಾಳನ್ನು ಕೆರಳಿಸಿತು. "ಗೊತ್ತಿಲ್ಲ ಅಂತ ಎಡಗೈ ಎತ್ತಿ, ಈಗ ಯಾಕೆ ಕೇಳಂಗಿಲ್ಲ ಅಂತೀಯಾ?"

"ಗೊತ್ತೈತ್ರಿ. ಗೊತ್ತೈತಂತನ ಎತ್ತಿದ್ದು."

"ಗೊತ್ತಿದ್ರೆ ಎಡಗೈ ಯಾಕೆ ಎತ್ತಿದೆ?"

ಮೈಲಾರಮ್ಮ ತನ್ನ ಕೈಯನ್ನು ತಾನೇ ನೋಡಿಕೊಂಡಳು. "ನಾ ಎಡಚಿ ಅದೀನ್ರಿ."

"ಬರೆಯೋದು ಬಲಗೈಲಿ ಅಲ್ವೇನೆ! ದಿನಾ ನೋಡ್ತೀನಿ ನಾನು!"

"ಅದು ಅಜ್ಜಿ ಬಡದು ಕಲಿಸಿದ್ದು ರಿ. ಸರಸೋತಿಗೆ ಎಡಗೈ ಆಗಂಗಿಲ್ಲ ಅಂತ. ಕಲ್ಲು ಒಗಿಯೋದು, ಕೋಲು ಹಿಡಿಯೋದು, ಎಲ್ಲ ಇದ್ರಾಗನ."

ಮುಂದಿನ ಬೆಂಚಿನಲ್ಲಿದ್ದ ಶೃತಿ ಬಾಯಿಗೆ ಕೈ ಇಟ್ಟುಕೊಂಡಳು. "ಟೀಚರ್, ಹೆಡ್ ಸರ್ ಹೇಳಿದಾಗ ಮೈಲಾರಿ ಕುರಿ ಕಡೆ ಹೋಗಿದ್ಳ್ರಿ. ಈಕಿಗೆ ಆ ಕೈಯಿ ವಿಷ್ಯ ಯಾರೂ ಹೇಳೇ ಇಲ್ರಿ."

ಹೌದು. ಜುಲೈನಲ್ಲಿ ಹೇಳಿದ್ದು. ಇವಳು ಬಂದದ್ದು ದಸರಾ ಮುಗಿದ ಮೇಲೆ. ಎಲ್ಲರಿಗೂ ಗೊತ್ತಿದೆ ಅಂತ ಎಲ್ಲರೂ ಅಂದುಕೊಂಡಿದ್ದರು. ಮೈಲಾರಮ್ಮನ ಬೆಂಚಿನಲ್ಲಿ ಇವಳಿಗೆ ಹೇಳಲು ಇನ್ನೊಬ್ಬರು ಕೂರುತ್ತಲೂ ಇರಲಿಲ್ಲ. ಕುರಿ ವಾಸನೆ ಅಂತ ಮೂಗು ಮುಚ್ಚಿಕೊಂಡು ದೂರ ಸರಿಯುತ್ತಿದ್ದರು. ಅದನ್ನೂ ಮಂಗಳಾ ಕಂಡಿದ್ದಳು, ಕಂಡೂ ಸುಮ್ಮನಿದ್ದಳು.

"ಹಂಗಾದ್ರೆ ಇಷ್ಟು ದಿನ ಯಾಕೆ ನಿಂತೆ?" ಮಂಗಳಾಳ ದನಿ ಅವಳಿಗೇ ಗುರುತು ಸಿಗಲಿಲ್ಲ. "ಯಾಕೆ ನಿಲ್ಲಿಸ್ತೀರಿ ಅಂತ ಕೇಳ್ಬಾರ್ದಿತ್ತಾ?"

"ನಾಕು ತಿಂಗ್ಳು ಸಾಲಿಗೆ ಬಂದಿಲ್ಲಲ್ರಿ. ಅದಕ್ಕ ನಿಂದ್ರಿಸ್ತೀರಿ ಅಂತ ತಿಳ್ಕಂಡಿದ್ದೆ. ಅದು ಮುಗಿದ ಮ್ಯಾಲ ಕುಂದ್ರಿಸ್ತೀರಿ ಅಂತ."

ಮಂಗಳಾಳಿಗೆ ಕಿವಿ ಬಿಸಿಯಾಯಿತು. ಇಷ್ಟು ದಿನ ಸಿಟ್ಟನ್ನು ಹೆಡ್ಮಾಸ್ಟರ ಮೇಲೆ, ಗೈಡಿನ ಮೇಲೆ, ಆಫೀಸರ ಮೇಲೆ, ಈ ಹುಡುಗಿಯ ಮೇಲೆ ಸುರಿದದ್ದಾಗಿತ್ತು. ಈಗ ಅದು ತಿರುಗಿ ಮನೆಗೆ ಬಂತು. ನಾಚಿಕೆ ಆಗಲ್ವೇನೆ ಅಂತ ನಿನ್ನೆ ಕೂಗಿದ್ದು ಇದೇ ಬಾಯಿ. ಅವಳು ಹುಡುಗಿಯ ಎಡಗೈಯನ್ನೇ ಹಿಡಿದುಕೊಂಡು ದುಡುದುಡು ಆಫೀಸಿನ ಕೋಣೆಗೆ ನಡೆದಳು.

ಕದಿರಪ್ಪನವರು ಸಹಿ ಮಾಡಲು ಪೆನ್ನು ಎತ್ತಿದ್ದರು. ಆಫೀಸರು ಮಿರ್ಚಿಯ ತೊಟ್ಟನ್ನು ತಟ್ಟೆಯ ಅಂಚಿಗೆ ಇಡುತ್ತಿದ್ದರು.

"ಸಹಿ ಮಾಡ್ಬೇಡಿ ಸಾರ್." ಆಮೇಲೆ ಮಂಗಳಾ ಆಫೀಸರ ಕಡೆ ತಿರುಗಿ ತೆಲುಗಿನಲ್ಲಿ ಎಲ್ಲವನ್ನೂ ಹೇಳಿದಳು. ನೀವು ಈಗ ನೋಡಿದ್ದು ಪಾಠವಲ್ಲ, ನಾಟಕ. ಬಲಗೈ ಅಂದರೆ ಗೊತ್ತು, ಎಡಗೈ ಅಂದರೆ ಗೊತ್ತಿಲ್ಲ. ಈ ಮಗುವಿಗೆ ಗೊತ್ತಿತ್ತು, ನಾವು ಕೇಳಲಿಲ್ಲ.

ಕದಿರಪ್ಪನವರ ಮುಖ ಸಪ್ಪಗಾಯಿತು. "ಅಂಥಾದ್ದೆಲ್ಲ ನಾ ಹೇಳಿಲ್ರಿ ಸರ್," ಅಂದರು ಗಾಬರಿಯಲ್ಲಿ ಕನ್ನಡದಲ್ಲೇ.

ಆಫೀಸರಿಗೆ ಸಿಟ್ಟು ಬರುತ್ತದೆ ಅಂದುಕೊಂಡಿದ್ದಳು ಮಂಗಳಾ. ಅವರು ನಕ್ಕರು. ಈ ಕೈಗಳ ವಿಷಯ ನನಗೆ ಗೊತ್ತಿಲ್ಲವೇ ಮೇಡಂ, ನಾನು ಟೀಚರಾಗಿದ್ದಾಗ ನಾನೂ ಇದನ್ನೇ ಮಾಡಿದ್ದೆ ಅಂದರು. ಅಂದು ಇನ್ನೊಂದು ಮಿರ್ಚಿ ತೆಗೆದುಕೊಂಡರು.

ಎಲ್ಲರಿಗೂ ಗೊತ್ತು! ನೋಡಲು ಬಂದವನಿಗೂ ಗೊತ್ತು, ತೋರಿಸಿದವರಿಗೂ ಗೊತ್ತು. ಗೊತ್ತಿಲ್ಲದೆ ಇದ್ದವಳು ಒಬ್ಬಳೇ, ನಿಜವಾಗಿ ಪಾಠ ಕಲಿತವಳು. ಮಂಗಳಾಳಿಗೆ ಆ ತಟ್ಟೆಯನ್ನು ಎತ್ತಿ ಬಿಸಾಡುವಷ್ಟು ರೋಷ ಬಂತು. ಬಿಸಾಡಲಿಲ್ಲ. ಆಫೀಸರ ಮುಂದಿನಿಂದ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು.

"ಒಂದು ಪ್ರಶ್ನೆ ಕೇಳಿ ಈ ಮಗೂನ. ನೀವೇ ಕೇಳಿ. ಆಮೇಲೆ ತಿನ್ನಿ," ಅಂದಳು ತೆಲುಗಿನಲ್ಲೇ.

ಆಫೀಸರು ಅವಳ ಮುಖ ನೋಡಿದರು, ವಾಚು ನೋಡಿದರು. ಬೇಗ ಮುಗಿಯಲಿ ಅನ್ನುವ ಹಾಗೆ ಕ್ಲಾಸಿನಲ್ಲಿ ಕೇಳಿದ್ದನ್ನೇ ಕೇಳಿದರು. "ವೈ ಡು ಯು ಕಮ್ ಟು ಸ್ಕೂಲ್?"

ಕೋಣೆಯಲ್ಲಿ ಬೇರೆ ಮಕ್ಕಳಿರಲಿಲ್ಲ. ಆದರೂ ಮೈಲಾರಮ್ಮ ಮೊದಲು ಎಡಗೈ ಎತ್ತಿದಳು. ಆಫೀಸರು ತಲೆಯಾಡಿಸಿದ ಮೇಲೆ ಇಳಿಸಿದಳು.

"ಐ ಕಮ್ ಟು ಸ್ಕೂಲ್ ಟು ಸಿಟ್, ಸರ್."

ಕದಿರಪ್ಪನವರು ಕಿಸಕ್ಕನೆ ನಕ್ಕರು. "ಕೇಳಿದ್ರೇನ್ರಿ? ಕುಂದ್ರಾಕ ಅಂತ!" ಆಫೀಸರೂ ಮುಗುಳ್ನಕ್ಕು, "ಕೂರ್ಚೋಡಾನಿಕಾ?" ಅಂದರು. ಕೂರುವುದಕ್ಕಾ ಅಂತ.

ಮೈಲಾರಮ್ಮನಿಗೆ ತೆಲುಗು ಸಲೀಸು, ಸಂತೆಯಲ್ಲಿ ಕುರಿ ಮಾರುವಾಗ ಕಲಿತದ್ದು. ತೆಲುಗಿನಲ್ಲೇ ಹೇಳಿದಳು. ಕುರಿ ಮುಂದೆ ಇದ್ದವರು ಕೂರುವ ಹಾಗಿಲ್ಲ. ಕೂತರೆ ಕಣ್ಣು ತಗ್ಗಿಗೆ ಬೀಳುತ್ತದೆ, ಆಚೆ ಕಡೆಯ ಕುರಿ ಯಾರದೋ ಶೇಂಗಾ ಹೊಲಕ್ಕೆ ನುಗ್ಗುತ್ತದೆ, ಹೊಲದವರು ಅಪ್ಪನನ್ನು ಬೈಯುತ್ತಾರೆ, ಹೊಡೆಯಲೂ ಬರುತ್ತಾರೆ. ಅದಕ್ಕೆ ಹೊತ್ತು ಮೂಡಿದಾಗಿಂದ ಕುರಿ ರೊಪ್ಪಕ್ಕೆ ಸೇರುವ ತನಕ ನಿಂತೇ ಇರಬೇಕು. ನಾಲ್ಕು ತಿಂಗಳು ನಿಂತಿದ್ದೆ. ಶಾಲೆಯಲ್ಲಿ ಬೆಂಚ್ ಇದೆ ಅಂತ ನೆನಪಾಗುತ್ತಿತ್ತು. ಕೂತುಕೊಂಡು ಓದಬಹುದು ಅಂತ ಅಪ್ಪನ ಹತ್ತಿರ ಅತ್ತು ಬಂದೆ.

ಕದಿರಪ್ಪನವರ ನಗು ನಿಂತಿತು. ಆಫೀಸರು ಕೈ ಒರೆಸಿಕೊಂಡರು. ಈಗ ಕೂರಲು ಸಿಕ್ಕಿತಾ ಅಂತ ಮೆಲ್ಲಗೆ ಕೇಳಿದರು.

ಮೈಲಾರಮ್ಮ ಟೀಚರ ಮುಖ ನೋಡಿದಳು. ಹನ್ನೆರಡು ವರ್ಷದ ಹುಡುಗಿ ಟೀಚರ ಮಾನ ಉಳಿಸಲು ಬಾಯಿ ಮುಚ್ಚಿಕೊಂಡಿದ್ದಳು. ಅದನ್ನು ಮಂಗಳಾಳಿಗೆ ತಡೆದುಕೊಳ್ಳಲಾಗಲಿಲ್ಲ.

"ಇಲ್ಲ," ಅಂದಳು ಅವಳೇ. "ನಾನು ಇಪ್ಪತ್ತಮೂರು ದಿನ ಗೋಡೆಗೆ ನಿಲ್ಲಿಸಿದ್ದೀನಿ."

ಆಫೀಸರು ಟಿಸಿ ಪುಸ್ತಕವನ್ನು ತಮ್ಮ ಕಡೆ ಎಳೆದುಕೊಂಡು, ಆ ಹಾಳೆಯ ಮೇಲೆ ಅಡ್ಡಗೀಟು ಹಾಕಿ, ಕೆಳಗೆ ಸಹಿ ಮಾಡಿದರು. ಹೆಸರು ಇರಲಿ, ಹಾಜರಾತಿ ನಾನು ನೋಡಿಕೊಳ್ಳುತ್ತೇನೆ ಅಂದರು. ಆಮೇಲೆ ಅಧಿಕಾರದ ದನಿ ವಾಪಸ್ ಬಂತು. ಮೇಡಂ, ಮಗುವನ್ನು ಇಷ್ಟು ದಿನ ನಿಲ್ಲಿಸಿದ್ದಕ್ಕೆ ನೀವು ಬರವಣಿಗೆಯಲ್ಲಿ ವಿವರಣೆ ಕೊಡಬೇಕಾಗುತ್ತದೆ.

"ಈಗಲೇ ಕೊಡ್ತೀನಿ," ಅಂದಳು ಮಂಗಳಾ. ಟೇಬಲ್ಲಿನ ಮೇಲಿದ್ದ ಬಿಳಿ ಹಾಳೆ ತೆಗೆದುಕೊಂಡು ನಿಂತೇ ಬರೆದಳು. ಎಷ್ಟು ದಿನ ನಿಲ್ಲಿಸಿದೆ, ಯಾಕೆ ನಿಲ್ಲಿಸಿದೆ, ಒಂದು ಪ್ರಶ್ನೆಯನ್ನೂ ಕೇಳಲಿಲ್ಲ, ಎಲ್ಲ ಬರೆದಳು.

ಕದಿರಪ್ಪನವರು ಬಗ್ಗಿ, "ನನ್ನ ಹೆಸರು ಅದ್ರಾಗ ಬ್ಯಾಡ್ರಿ ಮೇಡಂ," ಅಂದರು.

"ನನ್ನ ತಪ್ಪು ನಂದು ಸಾರ್, ಬರೆದಿದ್ದೀನಿ. ನಿಮ್ಮ ತಪ್ಪು ನಿಮ್ದು, ಅದನ್ನೂ ಬರೀತೀನಿ." ಜುಲೈ ತಿಂಗಳಿನದನ್ನೂ ಬರೆದಳು. ಆಫೀಸರು ನಕ್ಕು ಹೇಳಿದ್ದನ್ನೂ ಬರೆಯೋಣವೇ ಅಂತ ಒಂದು ಗಳಿಗೆ ಪೆನ್ನು ನಿಂತಿತು. ಅದನ್ನೂ ಬರೆದಳು. ಇಬ್ಬರೂ ಓದಿಕೊಳ್ಳಲಿ ಅಂತ ಹಾಳೆಯನ್ನು ತಟ್ಟೆಯ ಪಕ್ಕ ಇಟ್ಟು ಹೊರಗೆ ಬಂದಳು.

ಕ್ಲಾಸಿನಲ್ಲಿ ಗಲಾಟೆ ತಟ್ಟನೆ ನಿಂತಿತು. ಸುದ್ದಿ ಆಗಲೇ ಬಂದು ಮುಟ್ಟಿತ್ತು. ಮೈಲಾರಮ್ಮ ಟೀಚರ ಹಿಂದೆಯೇ ಒಳಗೆ ಬಂದಳು. ಬಂದವಳು ರೂಢಿಯಂತೆ ನೇರ ಹಿಂದಿನ ಗೋಡೆಯ ಹತ್ತಿರ ಹೋಗಿ, ಒಂದು ಪಾದವನ್ನು ಮೊಣಕಾಲಿಗೆ ಆನಿಸಿ ನಿಂತುಕೊಂಡಳು.

ಮಂಗಳಾ ಬೆಂಚುಗಳ ನಡುವೆ ನಡೆದು ಅವಳ ಹತ್ತಿರ ಹೋದಳು. ತಪ್ಪಾಯ್ತು ಅನ್ನಬೇಕು ಅಂದುಕೊಂಡಿದ್ದಳು. ಅದರ ಬದಲು ಮೊದಲನೇ ಬೆಂಚಿನಲ್ಲಿದ್ದ ಶೃತಿಯನ್ನು ಒತ್ತಿ ಕೂರುವಂತೆ ಸನ್ನೆ ಮಾಡಿ, ಅಲ್ಲಿಗೆ ಹುಡುಗಿಯನ್ನು ಕರೆದುಕೊಂಡು ಬಂದಳು. ಒಂಬತ್ತು ವರ್ಷ ಬಾಯಿಗೆ ಬಾರದಿದ್ದ ಈ ಕಡೆಯ ಮಾತು ಆಗ ಬಂತು. ಒಂದು ಮಗುವೂ ನಗಲಿಲ್ಲ.

"ಕುಂದ್ರವ್ವ," ಅಂದಳು. "ಕುಂದ್ರು."

ಮೈಲಾರಮ್ಮ ಕುಂತಳು.